ಡಾಕ್ಟರಮ್ಮನಿಗೊಂದು ಪತ್ರ: ಸಂಪಾದಕಿಯ ಕುರ್ಚಿ ಬಿಡುವಾಗ

ಮುಂಬಯಿಯಿಂದ ಹೊರಡುವ ವೈದ್ಯಕೀಯ ತ್ರೈಮಾಸಿಕವೊಂದರ ಸಂಪಾದಕತ್ವವನ್ನು ಬಿಡುತ್ತಿದ್ದೇನೆ ಎಂದು ಕಳೆದ ತಿಂಗಳು ಈ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಈ ಸಲ ಸಕ್ಕರೆ ಕಾಯಿಲೆ, ಮಂಡಿನೋವಿನ ಪತ್ರಗಳಿಗಿಂತ ಅದನ್ನು ಕುರಿತ ಪತ್ರಗಳೇ ಹೆಚ್ಚು ಬಂದಿವೆ. ಆರೋಗ್ಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವುಗಳಿಗೆ ಉತ್ತರಿಸುತ್ತೇನೆ.

ಪ್ರಶ್ನೆ: ಈಗಲೂ ಪರೇಲ್‌ಗೆ ಲೋಕಲ್‌ನಲ್ಲೇ ಓಡಾಡುತ್ತೀರಂತೆ. ಆರೋಗ್ಯ ಚೆನ್ನಾಗಿರುವಾಗ ಯಾಕೆ ಬಿಡುತ್ತಿದ್ದೀರಿ? ಯಾರಾದರೂ ಬಿಡಿಸಿದರೇ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಡೊಂಬಿವಲಿ

ಉತ್ತರ: ಯಾರೂ ಬಿಡಿಸಲಿಲ್ಲ. ಇನ್ನೊಂದು ಅವಧಿಗೆ ಮುಂದುವರಿಯಿರಿ ಎಂದು ಪತ್ರಿಕೆ ನಡೆಸುವ ಸಂಘದವರು ಒತ್ತಾಯವನ್ನೇ ಮಾಡಿದರು. ಆದರೆ ಕೆಲವು ವರ್ಷಗಳಿಂದ ನನ್ನ ಮೇಜಿಗೆ ಬರುವ ಲೇಖನಗಳು ಒಂದನ್ನೊಂದು ಹೋಲತೊಡಗಿದ್ದವು. ನನಗೆ ಚಿಕ್ಕ ಪೀಠಿಕೆ ಇಷ್ಟ, ಕೋಷ್ಟಕಗಳು ಕಡಿಮೆ ಇರಬೇಕು, ಕೊನೆಯಲ್ಲಿ ದೊಡ್ಡ ಮಾತು ಬೇಡ ಎಂಬುದು ಈ ಊರಿನ ಎಲ್ಲ ವಿಭಾಗಗಳಿಗೂ ಗೊತ್ತಾಗಿಬಿಟ್ಟಿತ್ತು. “ಹೀಗೆ ಬರೆ, ಮೇಡಂ ಒಪ್ಪುತ್ತಾರೆ” ಎಂದು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಲೇಖಕರು ರೋಗಿಯನ್ನು ಬಿಟ್ಟು ಸಂಪಾದಕಿಯನ್ನು ನೋಡಿಕೊಂಡು ಬರೆಯತೊಡಗಿದರೆ ಪತ್ರಿಕೆಗೆ ಕೇಡು. ನನ್ನ ಜಾಗಕ್ಕೆ ಬರುತ್ತಿರುವವರು ಸೂಕ್ಷ್ಮಜೀವಿಶಾಸ್ತ್ರದ ಯುವ ಪ್ರಾಧ್ಯಾಪಕರು. ಸಂಖ್ಯಾಶಾಸ್ತ್ರವನ್ನು ನನಗಿಂತ ಆಳವಾಗಿ ಬಲ್ಲವರು, ನನ್ನ ಅಭಿರುಚಿಯನ್ನು ಒಪ್ಪದವರು. ನಾನು ಸಂಘಕ್ಕೆ ಕೇಳಿಕೊಂಡದ್ದೂ ಅಂಥವರನ್ನೇ.

ಪ್ರಶ್ನೆ: ಮಗ ಎಂ.ಡಿ. ಓದುತ್ತಿದ್ದಾನೆ. ಒಂದು ಸಂಶೋಧನಾ ಪೇಪರ್ ಪ್ರಕಟವಾಗಲೇಬೇಕಂತೆ. “ಒಂದು ವಾರದಲ್ಲಿ ಪ್ರಕಟಿಸುತ್ತೇವೆ, ಹಣ ಕಳುಹಿಸಿ” ಎಂದು ಅವನ ವಾಟ್ಸ್‌ಆ್ಯಪ್‌ಗೆ ಸಂದೇಶ ಬಂದಿದೆ. ಕೊಡಬಹುದೇ?
– ಗೃಹಿಣಿ, ಮುಲುಂಡ್

ಉತ್ತರ: ಬೇಡಮ್ಮ, ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲು ಅವನು ನಿಯಮದ ಪ್ರತಿಯನ್ನು ತಾನೇ ಓದಲಿ. ಹಿಂದಿನ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮದಲ್ಲಿ ಪೇಪರ್ ಪ್ರಕಟವಾಗಿದ್ದರೂ, ಸ್ವೀಕೃತವಾಗಿದ್ದರೂ, ಕೊನೆಗೆ ಪ್ರಕಟಣೆಗೆ ಕಳುಹಿಸಿದ್ದರೂ ಸಾಕಿತ್ತು. ಆ ಕೊನೆಯ ಮಾತನ್ನು ಎಷ್ಟೋ ಮಕ್ಕಳಿಗೆ ಯಾರೂ ತಿಳಿಸಲೇ ಇಲ್ಲ. ಈಗಿನ ನಿಯಮ ಏನೆಂಬುದನ್ನು ಸೀನಿಯರ್‌ಗಳ ಬಾಯಿಂದಲ್ಲ, ಕಾಲೇಜಿನ ಕಚೇರಿಯಿಂದ ಕೇಳಿ ಪಡೆಯಲಿ.

ಇನ್ನು ಒಂದು ವಾರದ ಮಾತು. ನಮ್ಮಲ್ಲಿಗೆ ಲೇಖನ ಬಂದರೆ ಮೊದಲು ಬೇರೆ ಕಡೆಯಿಂದ ನಕಲಾಗಿದೆಯೇ ಎಂದು ನೋಡುತ್ತೇವೆ. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ನೋಡುತ್ತೇವೆ. ಆಮೇಲೆ ಆ ವಿಷಯವನ್ನು ಬಲ್ಲ ಇಬ್ಬರು ವೈದ್ಯರಿಗೆ ಕಳುಹಿಸುತ್ತೇವೆ. ಅವರು ಹೊರರೋಗಿ ವಿಭಾಗ ಮುಗಿಸಿ, ಮಕ್ಕಳಿಗೆ ಊಟ ಬಡಿಸಿ, ರಾತ್ರಿ ಕುಳಿತು ಓದುತ್ತಾರೆ. ಅದಕ್ಕಾಗಿ ಅವರಿಗೆ ಯಾರೂ ಹಣ ಕೊಡುವುದಿಲ್ಲ. ಅವರ ಆಕ್ಷೇಪಗಳು ಲೇಖಕರಿಗೆ ಹೋಗಿ, ತಿದ್ದಿದ ಪ್ರತಿ ಬಂದು, ಮತ್ತೊಮ್ಮೆ ಓದುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಒಂದು ವಾರದಲ್ಲಿ ಮುಗಿಸುತ್ತೇನೆ ಎನ್ನುವವರು ಓದುವ ಕೆಲಸವನ್ನೇ ಬಿಟ್ಟಿದ್ದಾರೆ ಎಂದರ್ಥ. ಶುಲ್ಕ ಪಡೆಯುವವರೆಲ್ಲರೂ ಮೋಸಗಾರರಲ್ಲ. ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಒಳ್ಳೆಯ ಪತ್ರಿಕೆಗಳಲ್ಲಿಯೂ ಕೆಲವು, ಲೇಖಕರಿಂದ ಶುಲ್ಕ ಪಡೆಯುತ್ತವೆ. ಆದರೆ ಮೊತ್ತವನ್ನು ಮೊದಲೇ ಬಹಿರಂಗವಾಗಿ ತಿಳಿಸುತ್ತವೆ, ಹಣ ಕೇಳುವುದು ಸಾಮಾನ್ಯವಾಗಿ ಲೇಖನ ಸ್ವೀಕೃತವಾದ ಮೇಲೆ. ಸಂದೇಹ ಬಂದರೆ ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಯಾರಿಗಾದರೂ ನಿಮ್ಮ ಮಗನೇ ನೇರವಾಗಿ ಬರೆದು ವಿಚಾರಿಸಲಿ. ತಮ್ಮ ಹೆಸರು ಅಲ್ಲಿದೆ ಎಂಬುದೇ ಗೊತ್ತಿಲ್ಲದ ಪ್ರಾಧ್ಯಾಪಕರು ಈ ಊರಲ್ಲಿ ಇದ್ದಾರೆ.

ಈ ವ್ಯಾಪಾರ ಹಬ್ಬಿದ್ದು ಯಾಕೆಂದು ಹೇಳದೆ ಮುಂದಕ್ಕೆ ಹೋಗಲಾರೆ. 2015ರಲ್ಲಿ ವೈದ್ಯಕೀಯ ಮಂಡಳಿಯು ಅಧ್ಯಾಪಕರ ಬಡ್ತಿಗೆ ಪೇಪರ್‌ಗಳ ಲೆಕ್ಕವನ್ನು ಬಿಗಿಗೊಳಿಸಿತು. ಮೊದಲ ಅಥವಾ ಎರಡನೆಯ ಲೇಖಕರಾಗಿದ್ದರೆ ಮಾತ್ರ ಲೆಕ್ಕಕ್ಕೆ ಎಂದಿತು. ಮರುವರ್ಷದಿಂದಲೇ ನನಗೆ ಬರುವ ಪತ್ರಗಳ ಸ್ವರ ಬದಲಾಯಿತು. “ಲೇಖನ ಹೇಗಿದೆ?” ಎಂದು ಕೇಳುತ್ತಿದ್ದವರು “ಸಂದರ್ಶನಕ್ಕೆ ಮುಂಚೆ ಸ್ವೀಕೃತಿ ಪತ್ರ ಸಿಗುವುದೇ?” ಎಂದು ಕೇಳತೊಡಗಿದರು. ಹೆಸರುಗಳ ಸರದಿಗಾಗಿ ಒಂದೇ ವಿಭಾಗದವರು ಮುಖ ತಿರುಗಿಸಿಕೊಂಡದ್ದನ್ನು ಕಂಡಿದ್ದೇನೆ. ಚೆನ್ನಾಗಿ ಶಸ್ತ್ರಚಿಕಿತ್ಸೆ ಮಾಡುವ, ಚೆನ್ನಾಗಿ ಪಾಠ ಹೇಳುವ ವೈದ್ಯನಿಗೆ ಬರೆಯುವುದರಲ್ಲಿ ಆಸಕ್ತಿ ಇಲ್ಲದಿದ್ದರೆ ಅವನನ್ನು ಯಾಕೆ ಬರೆಯಲು ದೂಡಬೇಕು? ಬಡ್ತಿಗೂ ಪೇಪರ್‌ಗೂ ಇರುವ ಈ ಗಂಟನ್ನು ಬಿಡಿಸಬೇಕು. ಸಂಬಂಧಪಟ್ಟವರಿಗೆ ಇದನ್ನು ಬರೆಯುತ್ತಲೇ ಬಂದಿದ್ದೇನೆ, ಕುರ್ಚಿ ಬಿಟ್ಟ ಮೇಲೂ ಬರೆಯುತ್ತೇನೆ.

ಪ್ರಶ್ನೆ: ಸಂಪಾದಕರಿಗೆ ಸಂಬಳ ಎಷ್ಟು?
– ಓದುಗರು, ವಾಸ್ಕೊ

ಉತ್ತರ: ನನಗೆ ಇರಲಿಲ್ಲ. ದೊಡ್ಡ ವಿದೇಶಿ ಪತ್ರಿಕೆಗಳಲ್ಲಿ ಪೂರ್ಣಾವಧಿ ಸಂಪಾದಕರಿರುತ್ತಾರೆ. ನಮ್ಮಂಥ ಸಂಘದ ಪತ್ರಿಕೆಗಳು ಬಿಡುವಿನ ವೇಳೆಯಲ್ಲಿ ನಡೆಯುತ್ತವೆ.

ಪ್ರಶ್ನೆ: ದಿನಪತ್ರಿಕೆಗಳಲ್ಲಿ “ಹೊಸ ಸಂಶೋಧನೆ” ಎಂದು ಬರುವುದನ್ನು ನಂಬಬೇಕೇ? ದೊಡ್ಡ ಪತ್ರಿಕೆಯಲ್ಲಿ ಬಂದದ್ದಾದರೆ ಸಾಕೇ?
– ಶಿಕ್ಷಕಿ, ಗೋರೆಗಾಂವ್

ಉತ್ತರ: ಸಾಲದು. ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭಯವನ್ನು ಹುಟ್ಟಿಸಿದ ಲೇಖನ 1998ರಲ್ಲಿ ಲ್ಯಾನ್ಸೆಟ್ ಎಂಬ ಬ್ರಿಟನ್ನಿನ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿತ್ತು. ಅದರಲ್ಲಿದ್ದದ್ದು 12 ಮಕ್ಕಳ ವಿವರ. ಪತ್ರಿಕೆ ಅದನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆದದ್ದು 2010ರಲ್ಲಿ. ಅಷ್ಟರಲ್ಲಿ ಎಷ್ಟೋ ತಾಯಂದಿರು ಮಕ್ಕಳಿಗೆ ದಡಾರದ ಚುಚ್ಚುಮದ್ದನ್ನು ತಪ್ಪಿಸಿದ್ದರು. ಆದ್ದರಿಂದ ಸುದ್ದಿ ಓದಿದಾಗ, ಎಷ್ಟು ಜನರನ್ನು ನೋಡಿ ಹೇಳಿದ್ದಾರೆ, ಯಾರೊಂದಿಗೆ ಹೋಲಿಸಿದ್ದಾರೆ, ಬೇರೆಯವರೂ ಅದನ್ನೇ ಕಂಡಿದ್ದಾರೆಯೇ ಎಂದು ಕೇಳಿಕೊಳ್ಳಿ. ಸುದ್ದಿಯಲ್ಲಿ ಇವಕ್ಕೆ ಉತ್ತರ ಇಲ್ಲದಿದ್ದರೆ ಊಟ, ಔಷಧಿ ಯಾವುದನ್ನೂ ಬದಲಾಯಿಸಬೇಡಿ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಅಪರೂಪದ ರೋಗಿ ಬಂದರೆ ಡಾಕ್ಟರುಗಳು ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತಾರೆ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿದರೆ ಆಯಿತು ಎನ್ನುತ್ತಾರೆ. ಸರಿಯೇ?
– ನರ್ಸ್, ಚೆಂಬೂರು

ಉತ್ತರ: ಸರಿಯಲ್ಲ ಸಿಸ್ಟರ್. ಕಣ್ಣು ಮುಚ್ಚಿದ ಮಾತ್ರಕ್ಕೆ ಗುರುತು ಮುಚ್ಚುವುದಿಲ್ಲ ಎಂದು ವೈದ್ಯಕೀಯ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೇ ಸ್ಪಷ್ಟವಾಗಿ ಹೇಳಿದೆ. ಗುರುತು ಸಿಗುವಂತಿದ್ದರೆ ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬುದು ನಾನು ಹಿಡಿದ ಹಟ. ಒಮ್ಮೆ ಒಂದು ಲೇಖನ ಬಂತು, ಫೋಟೊ ಇರಲೇ ಇಲ್ಲ. ಆದರೆ ವಯಸ್ಸು, ಕಸುಬು, ವಾಸದ ಚಾಳು (ಸಾಲು ಕೋಣೆಗಳ ವಠಾರ) ಇರುವ ಪ್ರದೇಶ, ಹೆಂಡತಿ ತೀರಿಕೊಂಡ ವಿಷಯ ಎಲ್ಲವೂ ಇದ್ದವು. ಆ ಚಾಳಿನ ಯಾರು ಓದಿದರೂ ಮನುಷ್ಯ ಯಾರೆಂದು ಹೇಳಬಲ್ಲರು. ರೋಗವೋ, ಬಾಯಿಬಿಟ್ಟು ಹೇಳಲು ಜನ ಹಿಂಜರಿಯುವಂಥದ್ದು. ವಾಪಸು ಕಳುಹಿಸಿ, ಚಿಕಿತ್ಸೆಗೆ ಸಂಬಂಧವಿಲ್ಲದ ವಿವರಗಳನ್ನೆಲ್ಲ ತೆಗೆಸಿ, ರೋಗಿಯ ಸಹಿ ತಂದ ಮೇಲೆಯೇ ಅಚ್ಚಿಗೆ ಕೊಟ್ಟೆವು. ನೀವು ವಾರ್ಡಿನಲ್ಲಿ ಧೈರ್ಯವಾಗಿ ಕೇಳಿ, “ಇವರನ್ನು ಕೇಳಿದಿರಾ ಡಾಕ್ಟರ್?” ಎಂದು.

ಪ್ರಶ್ನೆ: ಇಷ್ಟು ವರ್ಷಗಳಲ್ಲಿ ನಿಮಗೆ ಅತಿ ಹೆಚ್ಚು ಸಂತೋಷ ಕೊಟ್ಟ ಲೇಖನ ಯಾವುದು?
– ಎಂಜಿನಿಯರ್, ಪುಣೆ

ಉತ್ತರ: ಲೇಖನವಲ್ಲ, ಎರಡು ಪ್ಯಾರಾದ ಒಂದು ಪತ್ರ. ಸಿಂಧುದುರ್ಗದ ಹಳ್ಳಿಯೊಂದರ ವೈದ್ಯೆ ಬರೆದದ್ದು. ಮಳೆಗಾಲದ ಜ್ವರ ಎಂದರೆ ನಾವೆಲ್ಲ ಮಲೇರಿಯಾ, ಡೆಂಗಿ ಎನ್ನುತ್ತೇವೆ, 2005ರ ಜುಲೈ ಪ್ರವಾಹದ ನಂತರ ಮುಂಬಯಿಯವರು ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಅನ್ನೂ ನೆನೆಯುತ್ತಾರೆ. ನುಸಿ ಎಂಬ ಸಣ್ಣ ಹುಳುವಿನ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಮಾತ್ರ ಮರೆತುಹೋಗುತ್ತದೆ. ನುಸಿಯ ಮರಿ ಕಚ್ಚಿದ ಕಡೆ ನೋವಿಲ್ಲದ ಒಂದು ಕಪ್ಪು ಹಕ್ಕಳೆ ಏಳುವುದುಂಟು. ಅದನ್ನು ಕಂಡರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಲ್ಲಿ ರೋಗಿ ಉಳಿಯುತ್ತಾನೆ. ಆ ಹಕ್ಕಳೆ ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ, ಸ್ತನದ ಕೆಳಗೆ ಅಡಗಿರುತ್ತದೆ. ಗದ್ದೆ ಕೆಲಸದ ಹೆಂಗಸರು ತಾವಾಗಿ ಹೇಳುವುದಿಲ್ಲ, ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ ಯಾರೂ ಹುಡುಕುವುದಿಲ್ಲ. ಆ ವೈದ್ಯೆ ಒಂದು ಪರದೆ ಕಟ್ಟಿಸಿ, ನರ್ಸ್ ಜೊತೆ ನಿಂತು ನೋಡತೊಡಗಿದ ಮೇಲೆ ಹಕ್ಕಳೆಗಳು ಕಂಡವು. ಒಬ್ಬ ಪರಿಶೀಲಕರು “ಇದರಲ್ಲಿ ಹೊಸದೇನೂ ಇಲ್ಲ” ಎಂದು ಬರೆದರು. ರೋಗ ಹಳೆಯದೇ, ಪಠ್ಯದಲ್ಲಿ ಇರುವಂಥದ್ದೇ. ಹೆಂಗಸರನ್ನು ನಾವು ಸರಿಯಾಗಿ ಪರೀಕ್ಷಿಸುತ್ತಿಲ್ಲ ಎಂಬ ಮಾತನ್ನು ಮಾತ್ರ ಯಾರೂ ಬರೆದು ಕಳುಹಿಸಿರಲಿಲ್ಲ. ಅಚ್ಚು ಹಾಕಿದೆ.

ಪತ್ರಗಳನ್ನು ಕಡೆಗಣಿಸಬಾರದು ಎನ್ನಲು ನನಗೆ ಇತಿಹಾಸದ ಬೆಂಬಲವೂ ಇದೆ. ಗರ್ಭಿಣಿಯರು ನುಂಗಿದ ಥಾಲಿಡೊಮೈಡ್ ಮಾತ್ರೆಯಿಂದ ಅಂಗವೈಕಲ್ಯದ ಮಕ್ಕಳು ಹುಟ್ಟುತ್ತಿರಬಹುದೆಂದು 1961ರಲ್ಲಿ ಆಸ್ಟ್ರೇಲಿಯದ ವೈದ್ಯ ಮೆಕ್‌ಬ್ರೈಡ್ ಲ್ಯಾನ್ಸೆಟ್‌ಗೆ ಬರೆದದ್ದು ಕೆಲವೇ ಸಾಲು. ಬೇರೆ ಯಾರಾದರೂ ಇಂಥದ್ದನ್ನು ಕಂಡಿದ್ದೀರಾ ಎಂದು ಕೇಳಿ ಮುಗಿಸಿದರು. ನಮ್ಮ ಊರಿನ ಹೆಸರು ವೈದ್ಯಕೀಯ ಪಠ್ಯಗಳಲ್ಲಿ ಸೇರಿದ್ದೂ ಹೀಗೆಯೇ. ಓ ಗುಂಪಿನಂತೆ ತೋರಿದರೂ ಓ ರಕ್ತವೇ ಹೊಂದದವರು ಇದ್ದಾರೆಂದು ಮುಂಬಯಿಯ ವೈದ್ಯ ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಪ್ರಕಟಿಸಿದ್ದರಿಂದ ಬಾಂಬೆ ರಕ್ತದ ಗುಂಪು ಜಗತ್ತಿಗೆ ತಿಳಿಯಿತು. ನಿಮ್ಮ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿಗೆ ಹೋದದ್ದು ಕೋತಿಗಳು ಸಾಯುತ್ತಿವೆ ಎಂಬ ಸುದ್ದಿ ಹಿಡಿದು, ಮಂಗನ ಕಾಯಿಲೆ ಪತ್ತೆಯಾದದ್ದು ಹಾಗೆ.

ಪ್ರಶ್ನೆ: ನಾನು ಎಂ.ಬಿ.ಬಿ.ಎಸ್. ಮೂರನೆಯ ವರ್ಷದಲ್ಲಿದ್ದೇನೆ. ಬರೆಯಬೇಕೆಂಬ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿ, ಘಾಟ್ಕೋಪರ್

ಉತ್ತರ: ಯಾವ ಪತ್ರಿಕೆ ಎಂದು ಈಗಲೇ ಯೋಚಿಸಬೇಡ ಮಗು. ನಿನಗೆ ಕೊಟ್ಟ ಹಾಸಿಗೆಗಳ ರೋಗಿಗಳಲ್ಲಿ ಒಬ್ಬರನ್ನು ಆರಿಸಿಕೊಂಡು, ಬಂದ ದಿನದಿಂದ ಮನೆಗೆ ಹೋಗುವವರೆಗೆ ದಿನವೂ ಅರ್ಧ ಪುಟ ಬರೆ. ಹೆಸರು ಬರೆಯಬೇಡ. ಕೇಸ್ ಪೇಪರ್‌ನಲ್ಲಿ ಇರುವುದನ್ನು ನಕಲು ಮಾಡಬೇಡ. ನೀನು ನೋಡಿದ್ದನ್ನು, ರೋಗಿ ಹೇಳಿದ್ದನ್ನು ಬರೆ. ಪುಸ್ತಕದಲ್ಲಿ ಇರಬೇಕು ಎಂದದ್ದು ರೋಗಿಯಲ್ಲಿ ಕಾಣದಿದ್ದರೆ “ಕಾಣಲಿಲ್ಲ” ಎಂದೇ ಬರೆ. ಕಂಡಂತೆ ಮಾಡಿ ಬರೆಯುವ ಚಾಳಿ ಈ ವಯಸ್ಸಿನಲ್ಲೇ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ಬಹಳ ಕಷ್ಟ. ಬರೆದದ್ದನ್ನು ಪ್ರೊಫೆಸರಿಗೆ ತೋರಿಸುವ ಮೊದಲು ಆ ವಾರ್ಡಿನ ಹಿರಿಯ ಸಿಸ್ಟರ್‌ಗೆ ಓದಿ ಹೇಳು. ರೋಗಿಯ ಹತ್ತಿರ ನಿನಗಿಂತ ಹೆಚ್ಚು ಹೊತ್ತು ಇದ್ದವರು ಅವರು, ಎಲ್ಲಿ ತಪ್ಪಿದೆ ಎಂಬುದನ್ನು ತಕ್ಷಣ ಹೇಳುತ್ತಾರೆ.