ಯೂತ್ ಮೀಟಿಂಗ್‌ಗೆ ಐದಾರು ಮಂದಿ ಬಂದರೆ ಹೆಚ್ಚು. ಮುಂದುವರಿಸಲೇ, ಬಿಡಲೇ?

ನಿಮ್ಮ ಪ್ರಶ್ನೆ ಓದಿದೆ. ಕೊಡಗಿನ ಸಿದ್ದಾಪುರದ ಕಡೆ ಚಿಕ್ಕ ಕ್ರೈಸ್ತ ಸಭೆ, ಯೂತ್ ಮೀಟಿಂಗ್‌ಗೆ ಬರುವವರೇ ಐದಾರು ಮಂದಿ, ಪಿಯುಸಿ ಮುಗಿದ ಕೂಡಲೇ ಅವರೂ ಊರು ಬಿಡುತ್ತಾರೆ, ಕನ್ನಡದಲ್ಲಿ ಬೈಬಲ್ ಪಾಠಕ್ಕೆ ಏನೂ ಸಿಗುವುದಿಲ್ಲ, ಸುಸ್ತಾಗಿದೆ ಅಂತ ಬರೆದಿದ್ದೀರಿ. ನಾನು ಅಮ್ಮತ್ತಿ ಕಡೆಯವನು. ಇದೇ ಕೆಲಸ ಹಲವು ವರ್ಷದಿಂದ ಮಾಡುತ್ತಿದ್ದೇನೆ, ಸಂಬಳಕ್ಕಲ್ಲ, ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ.

ಬೆಂಗಳೂರಿನ ದೊಡ್ಡ ಸಭೆಗಳ ವಿಡಿಯೋ ನೋಡಿ ನಿಮ್ಮ ಗುಂಪನ್ನು ಅಳೆಯಬೇಡಿ. ಅಲ್ಲಿ ಹೋಗಿ ಕೂರುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ! ಕೊಡಗಿನಲ್ಲಿ ಯೂತ್ ಅಂದರೆ ಹೈಸ್ಕೂಲಿನಿಂದ ಪಿಯುಸಿವರೆಗೆ, ಅಷ್ಟೇ. ಆಮೇಲೆ ಮೈಸೂರು, ಮಂಗಳೂರು, ಬೆಂಗಳೂರು. ಹಾಗಾಗಿ ಗುಂಪು ಬೆಳೆಯುತ್ತಿದೆಯಾ ಅನ್ನುವುದು ನಮಗೆ ಹೊಂದುವ ಪ್ರಶ್ನೆಯೇ ಅಲ್ಲ. ಇರುವ ನಾಲ್ಕೈದು ವರ್ಷದಲ್ಲಿ ಪ್ರತಿ ಮಗುವನ್ನೂ ಸರಿಯಾಗಿ ತಿಳಿದುಕೊಂಡೆವಾ, ಹೋಗುವಾಗ ಯಾರ ಕೈಗೆ ಒಪ್ಪಿಸಿದೆವು, ಇವೆರಡನ್ನೇ ಕೇಳಿಕೊಳ್ಳಬೇಕು.

ಮೀಟಿಂಗ್ ಯಾವಾಗ ಇಟ್ಟಿದ್ದೀರಿ ಅಂತ ಬರೆದಿಲ್ಲ. ಶನಿವಾರ ಸಂಜೆ ಆದರೆ ಇವತ್ತೇ ಬದಲಾಯಿಸಿ. ನಿಮ್ಮ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಕಾಟ. ಹೆಣ್ಣುಮಕ್ಕಳನ್ನು ಯಾವ ತಾಯಿ ಕಳಿಸುತ್ತಾಳೆ? ಭಾನುವಾರ ಆರಾಧನೆ ಮುಗಿದ ಕೂಡಲೇ, ಊಟಕ್ಕೆ ಮೊದಲು, ಮುಕ್ಕಾಲು ಗಂಟೆ ಸಾಕು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಮಾರ್ಚ್‌ವರೆಗೂ ಎಳೆಯುತ್ತದೆ. ರಜೆಯ ದಿನ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಕ್ಕಳೂ ಅಪ್ಪ ಅಮ್ಮನ ಜೊತೆ ತೋಟದಲ್ಲಿರುತ್ತಾರೆ. ಆಗ ಬರಲಿಲ್ಲ ಅಂದರೆ ಆಸಕ್ತಿ ಕಡಿಮೆಯಾಗಿದೆ ಅಂತಲ್ಲ. ಕ್ಯಾಂಪು, ವಿಬಿಎಸ್ (ರಜೆಯ ಬೈಬಲ್ ಶಾಲೆ) ಎಲ್ಲ ಏಪ್ರಿಲ್–ಮೇನಲ್ಲಿ ಇಟ್ಟುಕೊಳ್ಳಿ.

ಪಾಠ ಚಿಕ್ಕದಾಗಿರಲಿ. ಅಪೊಸ್ತಲ ಪೌಲನ ಬೋಧನೆ ಉದ್ದವಾಗಿ ಯೂತಿಖ ಅನ್ನುವ ಹುಡುಗ ಕಿಟಕಿಯಲ್ಲಿ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದದ್ದು ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 20ನೇ ಅಧ್ಯಾಯದಲ್ಲಿ ಇದೆ. ಪೌಲನ ಕಥೆಯೇ ಹೀಗಾದರೆ ನಮ್ಮದೇನು?

ನಮಗೆ ಹೆಚ್ಚು ಕೆಲಸಕ್ಕೆ ಬಂದದ್ದು ಚೀಟಿ. ಅದು ಶುರುವಾದದ್ದು ಮಳೆಯಿಂದ. ನಮ್ಮ ಹಾಲ್‌ನ ಮಾಡು ಶೀಟಿನದು. ಜುಲೈ ಮಳೆ ಬಿದ್ದರೆ ಪಕ್ಕದವನ ಮಾತೇ ಕೇಳುವುದಿಲ್ಲ. ಕೂಗಿ ಕೂಗಿ ಗಂಟಲು ಹೋಗುತ್ತಿತ್ತು. ಒಂದು ದಿನ ನೋಟ್‌ಬುಕ್ ಹಾಳೆ ಹರಿದು ಹಂಚಿ, ಹೆಸರು ಬರೆಯದೆ ಒಂದೊಂದು ಪ್ರಶ್ನೆ ಬರೆಯಿರಿ ಅಂದೆ. ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿದರು. ಅರ್ಧ ಚೀಟಿ ತಮಾಷೆ. ಒಂದರಲ್ಲಿ ಮಾತ್ರ, ಪೆನ್ಸಿಲ್‌ನಲ್ಲಿ ಒತ್ತಿ ಒತ್ತಿ, "ತಂದೆ ತಾಯಿಯನ್ನು ಸನ್ಮಾನಿಸು ಅಂತ ಇದೆ. ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆದರೂ ಸನ್ಮಾನಿಸಬೇಕಾ?" ಅಂತ ಇತ್ತು. ಆ ದಿನ ಸಿದ್ಧ ಮಾಡಿಕೊಂಡು ಹೋಗಿದ್ದ ಪಾಠ ಚೀಲದಲ್ಲೇ ಉಳಿಯಿತು. ಈಗ ಬಿಸಿಲಿರಲಿ ಮಳೆಯಿರಲಿ ಡಬ್ಬಿ ಇದ್ದೇ ಇರುತ್ತದೆ. ಮುಂದಿನ ತಿಂಗಳ ಪಾಠ ಯಾವುದು ಅಂತ ಅದೇ ಹೇಳುತ್ತದೆ. ಕಾಸಿಲ್ಲದ ಸಾಮಗ್ರಿ, ಅಲ್ವಾ.

ಆದರೆ ಇಂಥ ಚೀಟಿ ಬಂದರೆ ಪ್ರಾರ್ಥನೆ ಮಾಡಿ ಮುಗಿಸಬೇಡಿ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಸಿಗುತ್ತದೆ. ಮನಸ್ಸು ಕುಗ್ಗಿದವರಿಗೆ ಸರ್ಕಾರದ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಎರಡನ್ನೂ ಹಾಲ್ ಗೋಡೆಗೆ ಅಂಟಿಸಿ. ಹದಿನೆಂಟರ ಒಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಭೆಯ ಮರ್ಯಾದೆ ಅಂತ ಹಿರಿಯರು ಒಳಗೊಳಗೇ ಮುಗಿಸಲು ನೋಡಿದರೆ ಒಪ್ಪಬೇಡಿ. ಒಬ್ಬರೇ ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಕೂರಬೇಡಿ. ಬೇರೆ ಧರ್ಮದ ಮನೆಯ ಮಗು ಗೆಳೆಯರ ಜೊತೆ ಬಂದರೆ ಅಪ್ಪ ಅಮ್ಮನಿಗೆ ಗೊತ್ತಿದೆಯಾ ಅಂತ ಮೊದಲೇ ಕೇಳಿ.

ಕನ್ನಡದಲ್ಲಿ ಏನೂ ಇಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಯೂವರ್ಷನ್ ಬೈಬಲ್ ಆ್ಯಪ್‌ನಲ್ಲಿ ಕನ್ನಡದ ಒಂದಕ್ಕಿಂತ ಹೆಚ್ಚು ಅನುವಾದ ಉಚಿತವಾಗಿ ಇವೆ. ಸತ್ಯವೇದದ ಹಳೆಯ ಅನುವಾದದ ಭಾಷೆ ಮಕ್ಕಳಿಗೆ ಕಷ್ಟವಾದರೆ ಸುಲಭ ಅನುವಾದವನ್ನು ಪಕ್ಕದಲ್ಲಿಟ್ಟು ಓದಿಸಿ. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ನಂಬುವ ಹಾಗಿಲ್ಲ, ಆಫ್‌ಲೈನ್‌ಗೆ ಸಿಗುವುದನ್ನು ಮೊದಲೇ ಇಳಿಸಿಡಿ. ಅಚ್ಚಿನ ಪ್ರತಿ ಬೇಕಾದರೆ ಬೈಬಲ್ ಸೊಸೈಟಿ ಆಫ್ ಇಂಡಿಯಾ ಇರುವುದು ಬೆಂಗಳೂರಿನಲ್ಲೇ. ಮಕ್ಕಳ ಮತ್ತು ಯುವಜನರ ಕೆಲಸಕ್ಕೇ ಇರುವ ಸಂಸ್ಥೆ ಸ್ಕ್ರಿಪ್ಚರ್ ಯೂನಿಯನ್. ನೀವು ಕಥೋಲಿಕರಾದರೆ ಐಸಿವೈಎಂ (ಕಥೋಲಿಕ ಯುವಜನರ ಸಂಘಟನೆ), ವೈಸಿಎಸ್ (ವಿದ್ಯಾರ್ಥಿಗಳ ಸಂಘಟನೆ) ಬಗ್ಗೆ ಫಾದರ್ ಹತ್ತಿರ ಕೇಳಿ. ಇಂಗ್ಲಿಷ್ ಪಾಠಗಳನ್ನು ಸುಮ್ನೆ ತಂದು ಅನುವಾದ ಮಾಡುವುದು ನನಗೆ ಇಷ್ಟವಿಲ್ಲ. ಅದರಲ್ಲಿ ಬರುವ ಹುಡುಗನಿಗೆ ಸ್ವಂತ ಕೋಣೆ, ಸ್ವಂತ ಕಾರು. ನಮ್ಮ ಹುಡುಗನಿಗೆ ಬಸ್ ಪಾಸ್ ಚಿಂತೆ.

ಇನ್ನೊಂದು ಸಾಮಗ್ರಿ ಕಣ್ಣೆದುರೇ ಇದೆ. "ನಿಮ್ಮದು ಹೊರಗಿನಿಂದ ಬಂದ ಧರ್ಮ" ಅಂತ ಕಾಲೇಜಿನಲ್ಲಿ ಕೇಳಿಸಿಕೊಂಡು ಬರುವ ಮಕ್ಕಳಿದ್ದಾರೆ. ಅವರನ್ನು ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಕರೆದುಕೊಂಡು ಹೋಗಿ. 1792ರದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಸರೆ ಕೊಟ್ಟು ಜಾಗ ಕೊಟ್ಟ ಕಥೆ ಅಲ್ಲೇ ನಿಂತು ಹೇಳಿ. ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಂ ಕೂಡ ಮೊದಲು ಸೇಂಟ್ ಮಾರ್ಕ್ಸ್ ಚರ್ಚ್. ವಾದ ಮಾಡಲು ಕಲಿಸುವುದಕ್ಕಿಂತ ಇದು ವಾಸಿ. ಈ ಊರಲ್ಲಿ ನಮಗೆ ಜಾಗ ಕೊಟ್ಟವರು ಬೇರೆ ಧರ್ಮದವರು ಅನ್ನುವುದೂ ಮಕ್ಕಳಿಗೆ ಗೊತ್ತಾಗುತ್ತದೆ.

ಇನ್ನು ಊರು ಬಿಡುವ ಮಕ್ಕಳ ವಿಷಯ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆದು ನೋಡಿ. ಬರೀ ಹೆಸರುಗಳು ಅಂತ ಎಲ್ಲರೂ ದಾಟಿಸಿಬಿಡುತ್ತಾರೆ. ಶುರುವಿನಲ್ಲೇ ಪೌಲ ಫೊಯಿಬೆ ಅನ್ನುವ ಹೆಂಗಸಿನ ಹೆಸರು ಹೇಳಿ, ಇವಳನ್ನು ಸೇರಿಸಿಕೊಳ್ಳಿ, ಇವಳಿಗೆ ಬೇಕಾದ ಸಹಾಯ ಮಾಡಿ ಅಂತ ಕೇಳಿಕೊಳ್ಳುತ್ತಾನೆ. ನಾವು ಮಾಡಬೇಕಾದದ್ದು ಅದನ್ನೇ. ಹುಡುಗಿಗೆ ಮೈಸೂರಿನಲ್ಲಿ ಸೀಟ್ ಸಿಕ್ಕಿದ ದಿನ ಅವಳ ಹಾಸ್ಟೆಲ್‌ಗೆ ಹತ್ತಿರದ ಸಭೆ ಯಾವುದು ಅಂತ ಹುಡುಕಿ. ಅವಳನ್ನು ಕೇಳಿ, ಅಲ್ಲಿಯ ಪಾಸ್ಟರಿಗೆ ನೀವೇ ಫೋನ್ ಮಾಡಿ. ಕಾಲೇಜಿನಲ್ಲಿ ಯುಇಎಸ್‌ಐ ಅನ್ನುವ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯ ಗುಂಪು ಇದೆಯಾ ವಿಚಾರಿಸಿ. "ಅಲ್ಲಿ ಹೋದ ಮೇಲೆ ಒಳ್ಳೆ ಸಭೆ ನೋಡಿಕೋ ಮಗಾ" ಅಂದರೆ ಅವಳು ನೋಡಿಕೊಳ್ಳುವುದಿಲ್ಲ. ಮೊದಲ ತಿಂಗಳು ಹೊಸ ಊರಿನಲ್ಲಿ ಅವಳಿಗೆ ಭಾನುವಾರವೇ ಭಾರ. ಯಾರಾದರೂ ಹಾಸ್ಟೆಲ್ ಗೇಟ್ ಹತ್ತಿರ ಬಂದು ಕರೆದುಕೊಂಡು ಹೋದರೆ ಹೋಗುತ್ತಾಳೆ.

ಬಿಡಬೇಕಾ ಅಂತ ಕೇಳಿದಿರಲ್ಲ. ಜಡಿಮಳೆಯ ಕಕ್ಕಡ ತಿಂಗಳಲ್ಲಿ, ಎಂಟು ದಿನದಿಂದ ಬಟ್ಟೆ ಒಣಗದೆ ಇರುವಾಗ, ಅಂಥ ತೀರ್ಮಾನ ಮಾಡಬೇಡಿ. ಬೈಬಲಿನ ಪ್ರವಾದಿ ಎಲೀಯ ಸಾಕು ಸಾಕಾಗಿ ಮರದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಆಮೇಲೆ ಜೊತೆಗೊಬ್ಬ ಶಿಷ್ಯ, ಎಲೀಷನೂ ಸಿಕ್ಕಿದ. ನಿಮ್ಮ ಸಭಾಪಾಲಕರ ಹತ್ತಿರ ಹೋಗಿ ಎರಡು ತಿಂಗಳ ಬಿಡುವು ಬಾಯಿಬಿಟ್ಟು ಕೇಳಿ. ಹೇಳದೆ ಕೇಳದೆ ನಿಲ್ಲಿಸಬೇಡಿ. ಆ ಎರಡು ತಿಂಗಳು ನಿಮ್ಮ ಹಳೆಯ ಹುಡುಗರಲ್ಲಿ ಊರಲ್ಲೇ ಉಳಿದ ಒಬ್ಬನಿಗೆ ಚೀಟಿ ಡಬ್ಬಿ ಕೊಟ್ಟು ನಡೆಸಲು ಬಿಡಿ. ತಪ್ಪು ಮಾಡುತ್ತಾನೆ, ಮಾಡಲಿ. ವಾಪಸ್ ಬಂದ ಮೇಲೆ ಇಬ್ಬರೂ ಸೇರಿ ನಡೆಸಿ.