ಕಾರಿನ ಮೀಟರ್ ಡಿಸ್‌ಪ್ಲೇಯಲ್ಲಿ ಅಂಕಿಗಳು ಅರ್ಧಂಬರ್ಧ ಕಾಣಿಸುತ್ತಿವೆ, ಇಡೀ ಕ್ಲಸ್ಟರ್ (ಮೀಟರ್‌ಗಳೆಲ್ಲ ಇರುವ ಪೆಟ್ಟಿಗೆ) ಬದಲಿಸಲೇಬೇಕಾ?

ಬೇಡ, ಈಗಲೇ ಬದಲಿಸಬೇಡಿ. ಮುಳ್ಳುಗಳು ಸರಿಯಾಗಿ ಓಡಾಡುತ್ತಿವೆ, ಎಚ್ಚರಿಕೆ ದೀಪಗಳು ಹತ್ತುತ್ತಿವೆ, ಕಿಲೋಮೀಟರ್ ತೋರಿಸುವ ಪುಟ್ಟ ಪರದೆಯಲ್ಲಿ ಮಾತ್ರ ಅಂಕಿಗಳ ಮಧ್ಯೆ ಗೆರೆ ಗೆರೆಯಾಗಿ ಅಳಿಸಿಹೋಗುತ್ತಿದೆ, ಮಧ್ಯಾಹ್ನದ ಬಿಸಿಲಿಗೆ ಜಾಸ್ತಿ, ಬೆಳಗ್ಗೆ ತಣ್ಣಗಿದ್ದಾಗ ಕಡಿಮೆ ಅಂತ ಬರೆದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ. ಕರೆಂಟ್ ಬರದೇ ಇದ್ದರೆ ಮುಳ್ಳುಗಳೂ ಸಾಯುತ್ತಿದ್ದವು. ಹಾಗಾಗಿ ಫ್ಯೂಸು, ಅರ್ಥಿಂಗು ಅಂತ ಹುಡುಕುತ್ತಾ ಕೂರಬೇಡಿ. ನನ್ನ ಅನುಮಾನ ಪೂರ್ತಿ ರಿಬ್ಬನ್ ಕೇಬಲ್ ಮೇಲೆ.

ಪರದೆಯ ಗಾಜನ್ನೂ ಹಿಂದಿನ ಸರ್ಕ್ಯೂಟ್ ಬೋರ್ಡನ್ನೂ ಜೋಡಿಸುವ ತೆಳುವಾದ ಪಟ್ಟಿಯೇ ಈ ರಿಬ್ಬನ್ ಕೇಬಲ್. ಅದನ್ನು ಬೆಸುಗೆ ಹಾಕಿರುವುದಿಲ್ಲ, ಕರೆಂಟ್ ಹರಿಯುವಂಥ ಅಂಟಿನಿಂದ ಬಿಸಿ ಮಾಡಿ ಒತ್ತಿ ಅಂಟಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಲು ತಿಂದು ಆ ಅಂಟು ಅಲ್ಲಲ್ಲಿ ಬಿಡುತ್ತದೆ. ಒಂದೊಂದು ಎಳೆ ಬಿಟ್ಟ ಹಾಗೆಲ್ಲ ಪರದೆಯಲ್ಲಿ ಒಂದೊಂದು ಸಾಲು ಮಾಯ. ಬಿಸಿಯಾದಾಗ ಪಟ್ಟಿ ಹಿಗ್ಗಿ ಇನ್ನೂ ಏಳುತ್ತದೆ, ಅದಕ್ಕೇ ಮಧ್ಯಾಹ್ನ ಜಾಸ್ತಿ.

ಇದೇ ತೊಂದರೆ ನನ್ನ ಹನ್ನೊಂದು ವರ್ಷದ ಕಾರಿಗೂ ಬಂದಿತ್ತು. ಬಿಟ್ಟ ಅಂಟು ಮತ್ತೆ ಹಿಡಿಯಲಿ ಅಂತ ಮೊದಲ ಸಲ ಬಿಸಿ ಸಾಲ್ಡರಿಂಗ್ ಐರನ್ನನ್ನು (ಬೆಸುಗೆ ಹಾಕುವ ಸಾಧನ) ನೇರವಾಗಿ ಪಟ್ಟಿಯ ಮೇಲೆ ಇಟ್ಟೆ. ಪಟ್ಟಿ ಮುದುಡಿ ಇನ್ನೂ ಮೂರು ಸಾಲು ಹೋಯಿತು. ಐರನ್ನಿಗೂ ಪಟ್ಟಿಗೂ ನಡುವೆ ಸಿಲಿಕೋನ್ ರಬ್ಬರ್ ತುಂಡು ಇರಲೇಬೇಕು. ಐರನ್ನಿನ ತುದಿಯೂ ಚೂಪಾಗಿರಬಾರದು, ಟಿ ಆಕಾರದ ಚಪ್ಪಟೆ ತುದಿ ಬೇಕು. ಒಂದೊಂದು ಜಾಗದಲ್ಲಿ ಕೆಲವೇ ಸೆಕೆಂಡು ಒತ್ತಿ, ತಣಿಯಲು ಬಿಟ್ಟು, ಪಕ್ಕಕ್ಕೆ ಸರಿಯಿರಿ. ಹಳೇ ಪಟ್ಟಿಯನ್ನೇ ಹೀಗೆ ಒತ್ತಿದರೆ ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಬಿಚ್ಚುವ ಕಷ್ಟ ಹೇಗೂ ಪಟ್ಟಿರುತ್ತೀರಲ್ವಾ, ನಿಮ್ಮ ಮಾಡೆಲ್‌ಗೆ ಹೊಂದುವ ಹೊಸ ಪಟ್ಟಿ ಸಿಕ್ಕರೆ ಅದನ್ನೇ ಹಾಕಿ. ಹಳೇ ಅಂಟನ್ನು ಗಾಜಿನ ಅಂಚಿನಿಂದಲೂ ಬೋರ್ಡಿನಿಂದಲೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನಿಧಾನವಾಗಿ ಒರೆಸಿ. ಕೆರೆಯಬೇಡಿ, ಗಾಜಿನ ಮೇಲಿನ ಕಣ್ಣಿಗೆ ಕಾಣದಷ್ಟು ತೆಳು ಲೇಪ ಒಮ್ಮೆ ಹೋದರೆ ಮುಗಿಯಿತು.

ಕೆಲವು ಕಾರುಗಳಲ್ಲಿ ಪಟ್ಟಿಯ ಬದಲು ಕಪ್ಪು ಬಿಳಿ ಎಳೆಗಳ ರಬ್ಬರ್ ತುಂಡು ಇರುತ್ತದೆ. ಹಾಗಿದ್ದರೆ ನಿಮ್ಮ ಅದೃಷ್ಟ, ಒರೆಸಿ ಬಿಗಿಯಾಗಿ ಕೂರಿಸಿದರೆ ಸಾಕು.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಹತ್ತು ನಿಮಿಷ ಕಾಯಿರಿ. ಸ್ಟೀರಿಂಗ್‌ನಲ್ಲಿ ಏರ್‌ಬ್ಯಾಗ್ ಇದೆ, ಹಳದಿ ಕನೆಕ್ಟರ್‌ಗಳಿಗೆ ಕೈ ಹಾಕಬೇಡಿ. ಕ್ಲಸ್ಟರ್ ಹೊರಗಿದ್ದಾಗ ಸುಮ್ನೆ ನೋಡೋಣ ಅಂತ ಕೀ ತಿರುಗಿಸಬೇಡಿ, ಕಾರಿನ ಬೇರೆ ಮಾಡ್ಯೂಲ್‌ಗಳು (ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳು) ಕ್ಲಸ್ಟರ್ ಕಾಣುತ್ತಿಲ್ಲ ಅಂತ ದೋಷ ಬರೆದಿಟ್ಟುಕೊಳ್ಳುತ್ತವೆ, ಆಮೇಲೆ ಏರ್‌ಬ್ಯಾಗ್ ದೀಪ ಆರದೇ ಕಾಡಬಹುದು. ಪ್ರತಿ ಹಂತದಲ್ಲೂ ಒಂದು ಫೋಟೋ ತೆಗೆದಿಡಿ.

ಇನ್ನು ಮುಳ್ಳುಗಳು. ಬಹಳಷ್ಟು ಕ್ಲಸ್ಟರ್‌ಗಳಲ್ಲಿ ಪರದೆ ಕೈಗೆ ಸಿಗಬೇಕಾದರೆ ಮುಳ್ಳು ಕಿತ್ತು ಡಯಲ್ ಎತ್ತಬೇಕಾಗುತ್ತದೆ. ಕೀಳುವ ಮೊದಲು ಪ್ರತಿ ಮುಳ್ಳು ಎಲ್ಲಿ ನಿಂತಿದೆ ಅಂತ ಡಯಲ್ ಮೇಲೆ ಚಿಕ್ಕ ಟೇಪ್ ಅಂಟಿಸಿ ಗುರುತು ಮಾಡಿ. ನಾನು ಅಂದಾಜಿನಲ್ಲಿ ಕೂರಿಸಿದ್ದಕ್ಕೆ ಸ್ಪೀಡು ನಿಜಕ್ಕಿಂತ ಕಡಿಮೆ ತೋರಿಸುತ್ತಿತ್ತು. ಇದು ಅಪಾಯದ ವಿಷಯ. ಎಲ್ಲ ಮುಗಿದ ಮೇಲೆ ಫೋನಿನ ಜಿಪಿಎಸ್ ವೇಗದ ಜೊತೆ ಹೋಲಿಸಿ ನೋಡಿ, ಫೋನು ನೋಡುವ ಕೆಲಸ ಪಕ್ಕದಲ್ಲಿ ಕೂತವರಿಗೆ ಬಿಡಿ. ಮೀಟರ್ ಸ್ವಲ್ಪ ಜಾಸ್ತಿ ತೋರಿಸಿದರೆ ಪರವಾಗಿಲ್ಲ, ಕಡಿಮೆ ತೋರಿಸಬಾರದು.

ಮುಂದೆ ಇಡೀ ಕ್ಲಸ್ಟರ್ ಆಗಾಗ ಆಫ್ ಆಗಿ, ಡ್ಯಾಶ್‌ಬೋರ್ಡ್ ತಟ್ಟಿದರೆ ಮತ್ತೆ ಬಂದರೆ ಅದು ಬೇರೆ ಕಾಯಿಲೆ. ಹಿಂದಿನ ಕನೆಕ್ಟರ್ ಪಿನ್‌ಗಳನ್ನು ಭೂತಗನ್ನಡಿಯಲ್ಲಿ ನೋಡಿ, ಪಿನ್ ಸುತ್ತ ಕೂದಲೆಳೆಯ ಉಂಗುರದಂತೆ ಬಿರುಕು ಕಂಡರೆ ಬೆಸುಗೆ ಬಿಟ್ಟಿದೆ. ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ಹಚ್ಚಿ ಹೊಸ ಬೆಸುಗೆ ಹಾಕಿ. ಸೀಸ ಇರುವ 63/37 ಸಾಲ್ಡರ್ (63 ಪಾಲು ತವರ, 37 ಪಾಲು ಸೀಸದ ಬೆಸುಗೆ ಲೋಹ) 183 ಡಿಗ್ರಿಗೆ ಕರಗುತ್ತದೆ, ಸೀಸ ಇಲ್ಲದ್ದಕ್ಕೆ ಸುಮಾರು 217 ಬೇಕು. ಹಾಗಾಗಿ ಐರನ್ ಬಿಸಿ ಸಾಲದಿದ್ದರೆ ಹಳೇ ಬೆಸುಗೆ ಪೂರ್ತಿ ಕರಗದೆ ಮತ್ತೆ ಬಿಡುತ್ತದೆ. ಪರದೆಯಲ್ಲಿ ಶಾಯಿ ಚೆಲ್ಲಿದಂತೆ ಕಪ್ಪು ಕಲೆ ಹರಡುತ್ತಿದ್ದರೆ ಮಾತ್ರ ಗಾಜೇ ಒಡೆದಿದೆ ಅಂತ ಅರ್ಥ, ಪಟ್ಟಿ ಬದಲಿಸಿ ಪ್ರಯೋಜನವಿಲ್ಲ.

ಹಳೇ ಕಾರಿನಿಂದ ಬಿಚ್ಚಿದ ಕ್ಲಸ್ಟರ್ ತಂದು ಹಾಕಿಬಿಡೋಣ ಅಂತಲೂ ಕೇಳಿದ್ದೀರಿ. ಓಡಿದ ಕಿಲೋಮೀಟರ್ ಲೆಕ್ಕ ಸಾಮಾನ್ಯವಾಗಿ ಕ್ಲಸ್ಟರ್ ಒಳಗಿನ ಮೆಮೊರಿ ಚಿಪ್‌ನಲ್ಲೇ ಇರುತ್ತದೆ, ಹಾಗಾಗಿ ಇನ್ನೊಬ್ಬರ ಕಾರಿನ ಲೆಕ್ಕ ನಿಮ್ಮ ಕಾರಿಗೆ ಬರುತ್ತದೆ. ನಾಳೆ ಮಾರುವಾಗ ಕೊಳ್ಳುವವರಿಗೆ ಏನು ಹೇಳುತ್ತೀರಿ? ಕೆಲವು ಕಾರುಗಳಲ್ಲಿ ಕೀ ಗುರುತಿಸುವ ಇಮೊಬಿಲೈಸರ್ ಕೂಡ ಅದರೊಳಗೇ ಇದೆ, ಅಂಥದ್ದರಲ್ಲಿ ಬದಲಿಸಿದರೆ ಎಂಜಿನ್ನೇ ಸ್ಟಾರ್ಟ್ ಆಗುವುದಿಲ್ಲ. ಪಟ್ಟಿ ಹಾಕಲು ಕೈ ನಡುಗುತ್ತದೆ ಅನ್ನಿಸಿದರೆ ನಿಮ್ಮ ಕ್ಲಸ್ಟರನ್ನೇ ಬಿಚ್ಚಿ ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿರುವವರ ಕೈಗೆ ಕೊಡಿ.