ಜ್ಯಾಕ್‌ಫ್ರೂಟ್‌ನಲ್ಲಿರುವ ಜ್ಯಾಕ್ ಯಾರು?

ಪ್ರಶ್ನೆ: ಹಲಸಿಗೆ ಜ್ಯಾಕ್‌ಫ್ರೂಟ್ ಎಂಬ ಇಂಗ್ಲಿಷ್ ಹೆಸರು ಬಂದದ್ದು ಜ್ಯಾಕ್ ಎಂಬ ಬ್ರಿಟಿಷ್ ಸಸ್ಯಶಾಸ್ತ್ರಜ್ಞನಿಂದ ಎಂದು ವಾಟ್ಸಾಪ್‌ನಲ್ಲಿ ಓದಿದೆ. ಇದು ನಿಜವೇ? (ಶಿರಸಿಯ ಓದುಗರು)

ಉತ್ತರ: ನಿಜವಲ್ಲ. ಹಲಸು ಹಣ್ಣಾಗುವ ಕಾಲಕ್ಕೆ ಸರಿಯಾಗಿ ಈ ಪ್ರಶ್ನೆಯೂ ಪ್ರತಿವರ್ಷ ಬರುತ್ತದೆ. ಕಳಿಸುವವರಲ್ಲಿ ಒಬ್ಬರಾದರೂ ಇಸವಿಗಳನ್ನು ನೋಡಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಈ ಕಥೆಯ ನಾಯಕ, ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯನಾಗಿದ್ದ ಸ್ಕಾಟ್ಲೆಂಡಿನ ವಿಲಿಯಂ ಜ್ಯಾಕ್, ಹುಟ್ಟಿದ್ದು 1795ರಲ್ಲಿ, ತೀರಿಕೊಂಡದ್ದು 1822ರಲ್ಲಿ. ಆದರೆ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತ 1563ರಲ್ಲಿ, ಕಾರವಾರದ ಪಕ್ಕದ ಗೋವೆಯಲ್ಲೇ ಅಚ್ಚು ಹಾಕಿಸಿದ ಔಷಧ ಸಸ್ಯಗಳ ಗ್ರಂಥದಲ್ಲಿ ಈ ಹಣ್ಣು ‘ಜಾಕಾ’ ಎಂಬ ಹೆಸರಿನಿಂದಲೇ ಬಂದಿದೆ. ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲೇ ಹಣ್ಣಿಗೆ ತನ್ನ ಹೆಸರಿಡುವ ವಿದ್ಯೆ ಯಾವ ಸಸ್ಯಶಾಸ್ತ್ರಜ್ಞನಿಗೂ ಸಿದ್ಧಿಸಿಲ್ಲ.

ಜಾಕಾ ಮಲಯಾಳದ ‘ಚಕ್ಕ’ದ ಪೋರ್ಚುಗೀಸ್ ರೂಪ. ಗೋವೆಯ ಕೊಂಕಣಿಯಲ್ಲಿ ‘ಪಣಸ’ ಇರುವಾಗ ಪೋರ್ಚುಗೀಸರು ಅದನ್ನೇಕೆ ಹಿಡಿಯಲಿಲ್ಲ ಎಂದು ಕಾರವಾರದವರೊಬ್ಬರು ವಾದಿಸಿದ್ದಾರೆ. ಪೋರ್ಚುಗೀಸರು 1498ರಲ್ಲಿ ಬಂದಿಳಿದದ್ದು ಕಲ್ಲಿಕೋಟೆಯ ಕಡೆಗೆ. ಗೋವೆ ಅವರ ವಶವಾದದ್ದು 1510ರಲ್ಲಿ, ಅಷ್ಟರಲ್ಲಿ ಮಲಬಾರಿನ ಮಾತು ಅವರ ಕಿವಿಗೆ ಬಿದ್ದು ಹನ್ನೆರಡು ವರ್ಷವಾಗಿತ್ತು. ಇಂಗ್ಲಿಷರು ಪೋರ್ಚುಗೀಸರಿಂದ ಪದವನ್ನು ಪಡೆದು, ಕೊನೆಯ ಸ್ವರವನ್ನು ಬಿಟ್ಟು, ಬಹುಕಾಲ ಬರಿಯ ‘ಜ್ಯಾಕ್’ ಎಂದೇ ಬರೆದರು. ಆದರೆ ಅವರ ಭಾಷೆಯಲ್ಲಿ ಜ್ಯಾಕ್ ಎಂಬುದು ಗಂಡಸಿನ ಹೆಸರು, ಇಸ್ಪೀಟಿನ ಗುಲಾಮ, ಭಾರ ಎತ್ತುವ ಸಾಧನ, ಹೀಗೆ ಹಲವಾಗಿತ್ತು. ಆದ್ದರಿಂದಲೇ ಗೊಂದಲ ತಪ್ಪಿಸಲು, ಲ್ಯಾಟಿನ್ನಿನಿಂದ ಫ್ರೆಂಚ್ ಮೂಲಕ ಬಂದ ‘ಫ್ರೂಟ್’ ಅದಕ್ಕೆ ಅಂಟಿಕೊಂಡಿತೆಂದು ನನ್ನ ಅಂದಾಜು. ಹೀಗೆ ಈ ಸಮಾಸದ ಪೂರ್ವಪದ ಮಲಬಾರಿನದು, ಉತ್ತರಪದ ರೋಮಿನದು. ನಮ್ಮ ಹಲಸಾದರೋ ಹಳೆಯ ‘ಪಲಸು’, ಪಕಾರ ಹಕಾರವಾದದ್ದು ಅಷ್ಟೇ. ಅದಕ್ಕೂ ಚಕ್ಕಕ್ಕೂ ನಂಟು ಕಟ್ಟಲು ಹೋಗಬೇಡಿ. ಕೇವಲ ಧ್ವನಿ ಹೋಲಿಸಿ ವ್ಯುತ್ಪತ್ತಿ ಹೇಳುವವರನ್ನು ನಾನು ನಕಲಿ ವೈದ್ಯರ ಸಾಲಿಗೇ ಸೇರಿಸುತ್ತೇನೆ.

ಪ್ರಶ್ನೆ: ಹಾಗಾದರೆ ಜ್ಯಾಕಲ್ ಎಂಬುದೂ ಇದೇ ಜ್ಯಾಕ್‌ನಿಂದ ಬಂದದ್ದೇ? (ಕುಮಟಾ)

ಉತ್ತರ: ಅಲ್ಲ, ಅದು ಪರ್ಷಿಯನ್ನಿನ ‘ಶಗಾಲ್’, ನಮ್ಮ ಸಂಸ್ಕೃತದ ಶೃಗಾಲದ ನೆಂಟ.

ಪ್ರಶ್ನೆ: ಬನವಾಸಿಯಲ್ಲಿ ಬೆಳೆಯುವ ಅನಾನಸು ಇಂಗ್ಲಿಷಿನಲ್ಲಿ ಸೇಬು ಹೇಗಾಯಿತು? (ಶಿರಸಿ)

ಉತ್ತರ: ಹಳೆಯ ಇಂಗ್ಲಿಷಿನಲ್ಲಿ ‘ಆ್ಯಪಲ್’ ಎಂದರೆ ಯಾವ ಹಣ್ಣೂ ಆಗಬಹುದಿತ್ತು, ‘ಪೈನಾಪಲ್’ ಎಂದರೆ ಮೊದಲು ಪೈನ್ ಮರದ ಕಾಯಿ, ಅನಾನಸಿನ ಮೈ ಅದನ್ನು ಹೋಲಿದ್ದರಿಂದ ಹೆಸರು ಇದಕ್ಕೆ ದಾಟಿತು.

ಪ್ರಶ್ನೆ: ‘ಬಟರ್‌ಫ್ಲೈ’ ಎಂಬುದು ‘ಫ್ಲಟರ್‌ಬೈ’ ತಿರುಗುಮುರುಗಾಗಿ ಹುಟ್ಟಿತಂತೆ? (ಅಂಕೋಲಾ)

ಉತ್ತರ: ಇಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಅದರಲ್ಲಿ ಬೆಣ್ಣೆಯೇ ಮೊದಲಿತ್ತು.